ಗಬ್ಬದ ಹಸುವಿನ ಮೇವು ಮತ್ತು ಕರುವಿನ ಜನನಾಂಗ



ಮೂರು ವರ್ಷ ತುಂಬಿದ ಕಡಸು ಗಬ್ಬ ಕಟ್ಟದಿದ್ದರೆ ಸಾಮಾನ್ಯವಾಗಿ ತಳಿಯನ್ನು ದೂರುತ್ತಾರೆ, ಇಲ್ಲವೇ ಕೃತಕ ಗರ್ಭಧಾರಣೆಯನ್ನು. ಆ ಕಡಸಿನ ತಾಯಿ ಗಬ್ಬವಾದ ಹೊಸತರಲ್ಲಿ ಏನು ತಿಂದಿತ್ತು ಎಂದು ಕೇಳುವವರು ಕಡಿಮೆ. ಕೇಳಬೇಕಾದ ಪ್ರಶ್ನೆಗಳಲ್ಲಿ ಅದೂ ಒಂದು.

ಅಮೆರಿಕದ ಟೆಕ್ಸಾಸ್‌ನಲ್ಲಿ ಫ್ರೆಡ್ ಹೇಲ್ ಎಂಬ ಪಶುವಿಜ್ಞಾನಿ ಹೆಣ್ಣು ಹಂದಿಯೊಂದಕ್ಕೆ 'ಎ' ಜೀವಸತ್ವವಿಲ್ಲದ ಆಹಾರ ಕೊಟ್ಟರು. 1933ರಲ್ಲಿ ಅವರು ಪ್ರಕಟಿಸಿದಂತೆ, ಅದು ಈದ 11 ಮರಿಗಳಲ್ಲಿ ಒಂದಕ್ಕೂ ಕಣ್ಣುಗುಡ್ಡೆ ಇರಲಿಲ್ಲ. ಅದೇ ಮಂದೆಯ ಹಂದಿಗಳಿಗೆ ಜೀವಸತ್ವ ಕೊಟ್ಟಾಗ ಮರಿಗಳ ಕಣ್ಣು ಸರಿಯಾಗಿದ್ದವು. ದೋಷ ವಂಶದ್ದಲ್ಲ, ಮೇವಿನದು! 1948ರಲ್ಲಿ ವಿಲ್ಸನ್ ಮತ್ತು ವಾರ್ಕನಿ ಇದೇ ಕೊರತೆಯಿಂದ ಇಲಿಮರಿಗಳ ಮೂತ್ರಾಂಗ, ಜನನಾಂಗಗಳೂ ಕೆಡುತ್ತವೆಂದು ತೋರಿಸಿದರು.

ಹಸಿರು ಮೇವಿನ ಕ್ಯಾರೋಟೀನ್ ಹಸುವಿನ ದೇಹದಲ್ಲಿ 'ಎ' ಜೀವಸತ್ವವಾಗಿ ಪಿತ್ತಜನಕಾಂಗದಲ್ಲಿ ಶೇಖರವಾಗುತ್ತದೆ. ಅಲ್ಲಿಂದ ರಕ್ತದ ಮೂಲಕ ಭ್ರೂಣಕ್ಕೆ ತಲುಪಿ, ರೆಟಿನೋಯಿಕ್ ಆಮ್ಲವಾಗಿ ಮಾರ್ಪಡುತ್ತದೆ. ಈ ಆಮ್ಲ ಜೀವಕೋಶದ ಕೇಂದ್ರದೊಳಗಿನ ಗ್ರಾಹಕಗಳಿಗೆ ಅಂಟಿಕೊಂಡು, ಯಾವ ವಂಶವಾಹಿ ಕೆಲಸ ಮಾಡಬೇಕೆಂಬ ಸಂಕೇತ ಕೊಡುತ್ತದೆ. ಬೀಗಕ್ಕೆ ಕೀಲಿ ಇದ್ದಂತೆ. ಬೀಗವಿದ್ದು ಕೀಲಿ ಬಾರದಿದ್ದರೆ ಬಾಗಿಲು ತೆರೆಯದು. ಮೊದಲ ಗ್ರಾಹಕವನ್ನು 1987ರಲ್ಲಿ ಫ್ರಾನ್ಸಿನ ಷಾಂಬೋನ್ ಹಾಗೂ ಅಮೆರಿಕದ ಇವಾನ್ಸ್ ಅವರ ತಂಡಗಳು ಬೇರೆಬೇರೆಯಾಗಿ ಗುರುತಿಸಿದವು. 1994ರಲ್ಲಿ ಷಾಂಬೋನ್ ತಂಡ ಕೆಲವು ಗ್ರಾಹಕಗಳನ್ನು ಜೋಡಿಯಾಗಿ ಇಲ್ಲವಾಗಿಸಿದ ಸುಂಡಿಲಿಗಳನ್ನು ಪರೀಕ್ಷಿಸಿತು. ಅಂಥ ಕೆಲವು ಹೆಣ್ಣು ಭ್ರೂಣಗಳಲ್ಲಿ ಅಂಡನಾಳ, ಗರ್ಭಕೋಶಗಳೇ ಮೂಡಿರಲಿಲ್ಲ.

ಗಂಡು ಭ್ರೂಣದ ಸಂಗತಿ ಇನ್ನೂ ಸ್ವಾರಸ್ಯ. ಎಳೆಯ ವೃಷಣದಲ್ಲಿ ಈ ಆಮ್ಲವನ್ನು ಕರಗಿಸುವ ಕಿಣ್ವವೊಂದಿದ್ದು, ಬೀಜಕೋಶಗಳು ಅಕಾಲದಲ್ಲಿ ವಿಭಜನೆಗೆ ತೊಡಗದಂತೆ ತಡೆಯುತ್ತದೆಂದು 2006ರ ಪ್ರಯೋಗಗಳು ತಿಳಿಸಿದವು. ಹೆಣ್ಣಿನ ಅಂಡಾಶಯದಲ್ಲಿ ಆ ತಡೆ ಇಲ್ಲ. ಆದರೂ ಅಲ್ಲಿನ ಕೆಲಸಕ್ಕೆಲ್ಲ ಈ ಆಮ್ಲವೊಂದೇ ಕಾರಣವಲ್ಲವೆಂದು 2020ರ ಪ್ರಯೋಗಗಳು ಹೇಳುತ್ತವೆ.

ಇವೆಲ್ಲ ಇಲಿ, ಸುಂಡಿಲಿಗಳಲ್ಲಿ ಕಂಡ ವಿವರಗಳು. ದನಗಳಲ್ಲಿ ಕೊರತೆ ಎದ್ದು ಕಾಣುವುದು ಕಂದು ಹಾಕುವುದರಲ್ಲಿ, ಕುರುಡು ಅಥವಾ ನಿಶ್ಶಕ್ತ ಕರು ಹುಟ್ಟುವುದರಲ್ಲಿ. ಹಸುವಿನ ಭ್ರೂಣದಲ್ಲಿ ಗಂಡು ಹೆಣ್ಣಿನ ಅಂಗಭೇದ ಸುಮಾರು 40ನೆಯ ದಿನಕ್ಕೇ ಆರಂಭವಾಗುತ್ತದೆ. ಎಷ್ಟೋ ಮನೆಗಳಲ್ಲಿ ಹಸು ಗಬ್ಬವೆಂದು ಖಾತ್ರಿಯಾಗುವುದೇ ಆಮೇಲೆ! ಆದ್ದರಿಂದ ಬೆದೆಗೆ ಕೊಡಿಸುವ ಮುಂಚಿನಿಂದಲೇ ಹಸಿರು ಮೇವು ಬೇಕು.

ಬಿಸಿಲಿಗೆ ಬಿಳಿಚಿದ ಹುಲ್ಲು, ಹಳೆಯ ಜೋಳದ ಸೊಪ್ಪೆಗಳಲ್ಲಿ ಕ್ಯಾರೋಟೀನ್ ಇಲ್ಲವೆನ್ನುವಷ್ಟು ಕಡಿಮೆ. ಮಳೆಗಾಲದಲ್ಲಿ ಕೂಡಿಟ್ಟ ದಾಸ್ತಾನು ಕೆಲವು ತಿಂಗಳಷ್ಟೇ ಬರುತ್ತದೆ. ಬೇಸಿಗೆಗೆಂದು ಬಾವಿಯ ಬಳಿ ನಾಲ್ಕು ಸಾಲು ನೇಪಿಯರ್ ಅಥವಾ ಕುದುರೆ ಮಸಾಲೆ ಸೊಪ್ಪು, ಬದುವಿನ ಮೇಲೆ ಅಗಸೆ, ನುಗ್ಗೆ ಬೆಳೆಸಿಕೊಳ್ಳುವುದು ಲೇಸು. ರಸಮೇವೂ ಆದೀತು. ಮುಸ್ಸಂಜೆಯಲ್ಲಿ ದನ ಗೂಟಕ್ಕೆ, ಗೋಡೆಗೆ ಎಡವುತ್ತಿದ್ದರೆ ಅದು ಇರುಳುಗುರುಡಿನ ಗುರುತಿರಬಹುದು. ಪಶುವೈದ್ಯರಿಗೆ ತೋರಿಸಬೇಕು.

ಹಾಗೆಂದು ಗೊಡ್ಡು ಕಡಸುಗಳಿಗೆಲ್ಲ ಇದೇ ಕಾರಣವಲ್ಲ. ಹೋರಿಗರುವಿನ ಜೊತೆ ಅವಳಿಯಾಗಿ ಹುಟ್ಟಿದ ಹೆಣ್ಣುಗರು ಸಾಮಾನ್ಯವಾಗಿ ಗೊಡ್ಡು. ಅದಕ್ಕೆ ಮೇವು ಕಾರಣವಲ್ಲ. 'ಎ' ಜೀವಸತ್ವದ ಚುಚ್ಚುಮದ್ದನ್ನು ವೈದ್ಯರನ್ನು ಕೇಳದೆ ಹಾಕಿಸುವುದೂ ತರವಲ್ಲ. ಅತಿಯಾದ ಜೀವಸತ್ವವೂ ಇಲಿಯ ಭ್ರೂಣವನ್ನು ಅಂಗವಿಕಲ ಮಾಡುತ್ತದೆಂದು 1953ರಲ್ಲೇ ಕಂಡುಬಂದಿದೆ. ಹಸಿರು ಮೇವಿನಿಂದ ಆ ಭಯವಿಲ್ಲ. ಹಸುವಿನ ದೇಹ ತನಗೆ ಬೇಕಾದಷ್ಟು ಕ್ಯಾರೋಟೀನನ್ನು ಮಾತ್ರ ಮಾರ್ಪಡಿಸಿಕೊಳ್ಳುತ್ತದೆ.