ಮಚ್ಚು, ಕುಡುಗೋಲಿನ ಹಿಡಿಗೆ ಹುರಿಯ ಕಟ್ಟು

ಅರಸೀಕೆರೆ ಕಡೆ ತೆಂಗು, ಬೇಲೂರಿನ ಕಡೆ ಕಾಫಿ, ಹಳೇಬೀಡಿನ ಕಡೆ ರಾಗಿ. ಬೆಳೆ ಬೇರೆಯಾದರೂ ಕೈಯಲ್ಲಿರುವುದು ಮಚ್ಚು, ಇಲ್ಲವೇ ಕುಡುಗೋಲು. ಅಲಗು ಮೊಂಡಾದರೆ ಕೂಡಲೇ ಮಸೆಯುತ್ತೇವೆ. ಹಿಡಿ ನುಣುಪಾಗಿ ಜಾರುತ್ತಿದ್ದರೆ ಮಾತ್ರ 'ಇನ್ನೊಂದು ದಿನ ನಡೀಲಿ' ಅಂತೀವಿ. ಮರಗಸಿ ಮಾಡುವವನು ಕೊಂಬೆಯ ಮೇಲಿಂದ ಬೀಸುವಾಗ, ಬೆವರಿದ ಕೈಯಿಂದ ಮಚ್ಚು ಜಾರಿತೆನ್ನಿ, ಕೆಳಗಿದ್ದವರ ಗತಿಯೇನು? ಹಿಡಿಗೆ ಹುರಿ ಸುತ್ತಿ, ಎಪಾಕ್ಸಿ ಅಂಟು ಹಚ್ಚಿದರೆ ಈ ಅಪಾಯ ಬಹುಮಟ್ಟಿಗೆ ತಪ್ಪುತ್ತದೆ.

ಮೊದಲು ಹಿಡಿಯನ್ನು ನೋಡಿ. ಮರ ಸೀಳಿದ್ದರೆ ಹುರಿ ಅದಕ್ಕೆ ಮದ್ದಲ್ಲ. ಹೊಸ ಹಿಡಿಯನ್ನೇ ಹಾಕಿಸಿ. ಅಲಗು ಅಲ್ಲಾಡುತ್ತಿದ್ದರೆ ಮೊದಲು ಭದ್ರಪಡಿಸಿ. ಕುಲುಮೆಯಲ್ಲಿ ತಟ್ಟಿಸುವುದಿದ್ದರೆ ಅದೂ ಮುಂಚೆಯೇ ಆಗಲಿ. ಬೆಂಕಿಯ ಬಿಸಿಗೆ ಅಂಟು ಮೆತ್ತಗಾಗುತ್ತದೆ.

ಅಲಗಿಗೆ ಗೋಣಿ ಸುತ್ತಿ ಕಟ್ಟಿ. ಹಿಡಿಯ ಜಿಡ್ಡನ್ನು ಸೋಪಿನ ನೀರಿನಿಂದ ತೊಳೆದು, ಚೆನ್ನಾಗಿ ಒಣಗಿಸಿ, ಉಪ್ಪುಕಾಗದದಿಂದ ಉಜ್ಜಿ. ಹತ್ತಿಯ ಅಥವಾ ಸೆಣಬಿನ ಹುರಿ ಒಳ್ಳೆಯದು, ಸುಮಾರು 2 ಮಿಲಿಮೀಟರ್ ದಪ್ಪ ಸಾಕು. ನೈಲಾನ್ ಅಂಟನ್ನು ಹೀರುವುದಿಲ್ಲ. ತೆಂಗಿನ ನಾರಿನ ಹುರಿ ಅಂಗೈ ತರಚುತ್ತದೆ.

ಹುರಿಯ ತುದಿಯನ್ನು ಎರಡಂಗುಲದಷ್ಟು ಹಿಡಿಯ ಉದ್ದಕ್ಕೆ ಮಲಗಿಸಿ, ಅಣಸಿನ ಪಕ್ಕದಿಂದ ಅದರ ಮೇಲೆಯೇ ಬಿಗಿಯಾಗಿ, ಸಂದು ಬಿಡದೆ ಸುತ್ತುತ್ತ ಬನ್ನಿ. ಎಂಟು ಸುತ್ತು ಉಳಿದಾಗ ಬೇರೊಂದು ದಾರವನ್ನು ಮಡಿಸಿ, ಕುಣಿಕೆಯ ಬಾಯಿ ಹಿಡಿಯ ಕೊನೆಗೆ ಬರುವಂತೆ ಇಟ್ಟು, ಅದರ ಮೇಲೆ ಸುತ್ತಿ. ಹುರಿಯ ಕೊನೆಯನ್ನು ಕುಣಿಕೆಯೊಳಗೆ ತೂರಿಸಿ ದಾರದ ಎರಡೂ ಎಳೆ ಜಗ್ಗಿದರೆ, ಕೊನೆಯು ಸುತ್ತುಗಳ ಅಡಿಗೆ ಹೋಗಿ ಕಚ್ಚಿಕೊಳ್ಳುತ್ತದೆ. ದಾರವನ್ನು ಪೂರ್ತಿ ಎಳೆದು ತೆಗೆದು, ಹೊರಗುಳಿದ ಹುರಿಯನ್ನು ಕತ್ತರಿಸಿ. ಗಂಟು ಬೇಡ; ಗಂಟು ಒತ್ತಿ ಅಂಗೈಯಲ್ಲಿ ಬೊಬ್ಬೆ ಬರುತ್ತದೆ.

ಇನ್ನು ಅಂಟು. ಐದು ನಿಮಿಷದಲ್ಲಿ ಗಟ್ಟಿಯಾಗುವ ಬಗೆ ಬೇಡ, ಹುರಿಯೊಳಗೆ ಇಳಿಯಲು ಅದಕ್ಕೆ ಪುರಸೊತ್ತಿಲ್ಲ. ನಿಧಾನವಾಗಿ ಗಟ್ಟಿಯಾಗುವುದನ್ನು ತನ್ನಿ. ಎರಡು ಟ್ಯೂಬಿನಿಂದಲೂ ಪೊಟ್ಟಣದಲ್ಲಿ ಹೇಳಿದ ಅಳತೆಗೆ ತಗಡಿನ ಮುಚ್ಚಳದ ಮೇಲೆ ಹಿಂಡಿ, ಒಂದೇ ಬಣ್ಣ ಬರುವ ತನಕ ಕಡ್ಡಿಯಿಂದ ಕಲಸಿ. ತೆಳ್ಳಗೆ ಹಚ್ಚಿ, ಹೆಚ್ಚಾದದ್ದನ್ನು ಬಟ್ಟೆಯಿಂದ ಒರೆಸಿ. ಗಾಜಿನಂತೆ ನುಣುಪಾದರೆ ಮತ್ತೆ ಜಾರುತ್ತದೆ. ಹುರಿಯ ಏಣು ಕೈಗೆ ತಾಗುತ್ತಿರಬೇಕು. ಹಸಿ ಅಂಟು ಚರ್ಮಕ್ಕೆ ಕೆಟ್ಟದ್ದು, ತುರಿಕೆ ಬರಬಹುದು. ಕೈಗವಸು ಹಾಕಿಕೊಂಡು ಗಾಳಿಯಾಡುವ ಜಗಲಿಯಲ್ಲಿ ಕೆಲಸ ಮಾಡಿ, ಮಕ್ಕಳನ್ನು ದೂರವಿಡಿ.

24 ಗಂಟೆ ಮುಟ್ಟದೆ ಬಿಡಿ. ಸುಗ್ಗಿಗೆ ಮುಂಚೆ ಒಂದು ಸಂಜೆ ಕೂತು ಮನೆಯ ಮಚ್ಚು, ಕುಡುಗೋಲುಗಳನ್ನೆಲ್ಲ ನೋಡಿಕೊಳ್ಳಿ. ಆಳಿನ ಕೈಗೆ ಕೊಡುವುದನ್ನೂ ಮರೆಯಬೇಡಿ. ಆ ಕೈಯೂ ಕೈಯೇ.