ಉಣುಗು ಕಚ್ಚಿದಾಗ ಚರ್ಮದೊಳಗೆ ಏನಾಗುತ್ತದೆ?

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯವರಿಗೆ ಉಣುಗಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ದರಗು ಗುಡಿಸಲು, ಸೌದೆ ತರಲು, ದನ ಹುಡುಕಲು ಕಾಡಿಗೆ ಹೋಗಿ ಬಂದವರ ಮೈಯಲ್ಲಿ ಒಂದಾದರೂ ಸಿಕ್ಕೀತು. ಮಂಗನ ಕಾಯಿಲೆಯನ್ನು ಮನುಷ್ಯರಿಗೆ ದಾಟಿಸುವುದೂ ಈ ಉಣುಗೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಬಳಿ ಗುರುತಿಸಲಾದ ಆ ರೋಗ 2024ರಲ್ಲಿ ಚಿಕ್ಕಮಗಳೂರು ಜಿಲ್ಲೆಯ ಮಲೆನಾಡಿನಲ್ಲೂ ಜೀವ ತೆಗೆಯಿತು.

ಸೊಳ್ಳೆ ಕಚ್ಚಿದರೆ ಕೂಡಲೇ ತುರಿಸುತ್ತದೆ. ಉಣುಗು ದಿನಗಟ್ಟಲೆ ಕಚ್ಚಿಕೊಂಡಿದ್ದರೂ ಎಷ್ಟೋ ಸಲ ನಮಗೆ ಗೊತ್ತೇ ಆಗುವುದಿಲ್ಲ. ಯಾಕೆ ಹೀಗೆ?

ನಮ್ಮ ಚರ್ಮದಲ್ಲಿ, ಸಣ್ಣ ರಕ್ತನಾಳ ಮತ್ತು ನರಗಳ ಪಕ್ಕದಲ್ಲಿ, ಮಾಸ್ಟ್ ಕೋಶಗಳೆಂಬ ಕಾವಲಿನ ಜೀವಕೋಶಗಳಿವೆ. 1878ರಲ್ಲಿ ಜರ್ಮನಿಯ ಪಾಲ್ ಎರ್ಲಿಕ್ ಇವುಗಳ ಒಳಗೆ ಕಿಕ್ಕಿರಿದಿದ್ದ ಕಾಳುಗಳನ್ನು ಕಂಡು, ಚೆನ್ನಾಗಿ ಉಂಡ ಕೋಶ ಎಂಬ ಅರ್ಥದ ಹೆಸರಿಟ್ಟರು. ಅದು ಉಂಡದ್ದಲ್ಲ, ಕೂಡಿಟ್ಟ ಮದ್ದು ಎಂಬುದು ಆಮೇಲೆ ತಿಳಿಯಿತು. ಆ ಮದ್ದಿನಲ್ಲಿ ಮುಖ್ಯವಾದದ್ದು ಹಿಸ್ಟಮಿನ್. ಅದು ಹೊರಬಿದ್ದರೆ ನರ ಕೆರಳಿ ತುರಿಕೆ ಹುಟ್ಟುತ್ತದೆ, ರಕ್ತನಾಳ ಹಿಗ್ಗಿ ಸೋರುತ್ತದೆ, ಚರ್ಮ ಕೆಂಪಾಗಿ ಬಾಯುತ್ತದೆ. ಮಾಸ್ಟ್ ಕೋಶ ಅಷ್ಟಕ್ಕೇ ಸುಮ್ಮನಾಗದೆ ಬೇರೆ ರಾಸಾಯನಿಕ ಸಂದೇಶಗಳನ್ನೂ ಕಳಿಸುತ್ತದೆ. ಅವನ್ನು ಹಿಡಿದು ನ್ಯೂಟ್ರೋಫಿಲ್, ಇಯೋಸಿನೋಫಿಲ್ ಎಂಬ ಬಿಳಿರಕ್ತಕಣಗಳು ರಕ್ತನಾಳದಿಂದ ನುಸುಳಿ ಬರುತ್ತವೆ.

ಇದು ಒಮ್ಮುಖದ ವ್ಯವಹಾರವಲ್ಲ. ಕಚ್ಚಿದ ಸುದ್ದಿ ದುಗ್ಧಗ್ರಂಥಿಗೆ ತಲುಪಿದರೆ ಅಲ್ಲಿನ ಟಿ ಕೋಶಗಳು ಬಿ ಕೋಶಗಳಿಗೆ ನೆರವಾಗಿ ಐಜಿಇ ಎಂಬ ಪ್ರತಿಕಾಯ ತಯಾರಾಗುತ್ತದೆ. ಅದು ಬಂದು ಮಾಸ್ಟ್ ಕೋಶಗಳ ಮೈಗೂ ರಕ್ತದಲ್ಲಿರುವ ಬೇಸೋಫಿಲ್‌ಗಳ ಮೈಗೂ ಅಂಟಿ ಕೂರುತ್ತದೆ. ಮುಂದಿನ ಸಲ ಅದೇ ಜೊಲ್ಲು ತಾಗಿದರೆ ಇವು ತಡಮಾಡುವುದಿಲ್ಲ.

ನಮ್ಮ ಕಾಡಿನ ಮುಖ್ಯ ಉಣುಗು ಹೆಮಾಫೈಸಾಲಿಸ್ ಸ್ಪಿನಿಜೆರಾ. ಅದೇ ಕುಲದ ಇನ್ನೊಂದು ಉಣುಗನ್ನು ಜಪಾನಿನವರು ಇಲಿಗಳ ಮೇಲೆ ಬಿಟ್ಟು ನೋಡಿದರು. ಹಲವು ಸಲ ಕಚ್ಚಿಸಿಕೊಂಡ ಇಲಿಗಳ ಮೇಲೆ ಉಣುಗಿಗೆ ಹೊಟ್ಟೆ ತುಂಬ ರಕ್ತ ಸಿಗುವುದಿಲ್ಲ. ಹುಟ್ಟಿನಿಂದಲೇ ಮಾಸ್ಟ್ ಕೋಶಗಳಿಲ್ಲದ ಇಲಿಗಳಿಗೆ ಆ ಶಕ್ತಿ ಬರಲಿಲ್ಲವೆಂದು 1985ರಲ್ಲಿ ಕಂಡಿತು. ಬೇಸೋಫಿಲ್‌ಗಳನ್ನು ತೆಗೆದರೂ ಆ ಶಕ್ತಿ ಹೋಗುತ್ತದೆಂದು 2010ರಲ್ಲಿ ತಿಳಿಯಿತು. ಎರಡೂ ಕೂಡಿದರೇ ಕೆಲಸ.

ಉಣುಗೂ ಸಾಮಾನ್ಯವಲ್ಲ! ಆಫ್ರಿಕದ ಒಂದು ಉಣುಗಿನ ಜೊಲ್ಲಿನಲ್ಲಿ ಹಿಸ್ಟಮಿನ್ನನ್ನೇ ಹಿಡಿದು ಕಟ್ಟಿಹಾಕುವ ಪ್ರೋಟೀನುಗಳಿವೆ ಎಂದು 1999ರಲ್ಲಿ ಪ್ರಕಟವಾಯಿತು. ಬಿಳಿರಕ್ತಕಣಗಳನ್ನು ಕರೆಯುವ ಸಂದೇಶಗಳನ್ನು ನುಂಗುವ ಪ್ರೋಟೀನುಗಳೂ ಹಲವು ಉಣುಗುಗಳಲ್ಲಿ ಸಿಕ್ಕಿವೆ. ಕಾವಲುಗಾರ ಕೂಗುತ್ತಾನೆ, ಕೂಗು ಬೀದಿಗೆ ಕೇಳಿಸುವುದಿಲ್ಲ.

ಆದ್ದರಿಂದ ತುರಿಕೆಯಿಲ್ಲ, ಉಣುಗು ಕಚ್ಚಿಲ್ಲ ಎಂದು ನೀವು ನಿಶ್ಚಿಂತರಾಗಬೇಡಿ. ತುರಿಸಿದ ಮೇಲೆ ನೋಡೋಣ ಎಂದು ಕಾಯುವುದೂ ತರವಲ್ಲ. ಮಂಗನ ಕಾಯಿಲೆಯ ವೈರಸ್ಸಿನ ಬಂಧುವಾದ ಪೊವಾಸನ್ ವೈರಸ್ ಕಾಲು ಗಂಟೆಯಲ್ಲೇ ಉಣುಗಿನಿಂದ ಇಲಿಗೆ ದಾಟಿದ್ದನ್ನು 2004ರಲ್ಲಿ ತೋರಿಸಿದ್ದಾರೆ. ಡಿಸೆಂಬರಿನಿಂದ ಮೇ ತನಕ ಎಳೆಯ ಉಣುಗುಗಳ ಕಾಲ. ಅವು ಕಣ್ಣಿಗೆ ಕಾಣುವುದೂ ಕಷ್ಟ. ಕಾಡಿಗೆ ಹೊರಡುವ ಮೊದಲು ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆ ಹಚ್ಚಿಕೊಳ್ಳಿ. ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಸ್ನಾನ ಮಾಡಿ, ಕಂಕುಳು, ತೊಡೆಸಂದು, ಕಿವಿಯ ಹಿಂದೆ ಇನ್ನೊಬ್ಬರಿಂದ ನೋಡಿಸಿಕೊಳ್ಳಿ. ಕಚ್ಚಿಕೊಂಡಿದ್ದರೆ ಚಿಮುಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ.

ಅಂಗಡಿಯಲ್ಲಿ ಸಿಗುವ ತುರಿಕೆಯ ಮಾತ್ರೆ ಹಿಸ್ಟಮಿನ್ನನ್ನು ಮಾತ್ರ ತಡೆಯುತ್ತದೆ, ವೈರಸ್ಸಿಗೆ ಅದರಿಂದ ಏನೂ ಆಗುವುದಿಲ್ಲ. ಕಾಡಿಗೆ ಹೋಗಿ ಬಂದ ಒಂದೆರಡು ವಾರದೊಳಗೆ ಇದ್ದಕ್ಕಿದ್ದಂತೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಮೊದಲೇ ಹೇಳಿ.