ಸಿಗಡಿಗೆ ರೋಗ ಬಂದರೆ ಯಾರಿಗೆ ನಷ್ಟ?

(ಚೆನ್ನೈ ಕೇಳುಗರಿಗಾಗಿ ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣದ ಬರಹರೂಪ)



ಕಾರ್ಯಕ್ರಮಕ್ಕೆ ಬಂದ ಪತ್ರಗಳಲ್ಲಿ ಒಂದನ್ನು ನಾನು ಬೇರೆಯಾಗಿ ತೆಗೆದಿಟ್ಟುಕೊಂಡಿದ್ದೆ. ಬರೆದವರು ಕುಂದಾಪುರದ ಕಡೆಯಿಂದ ಬಂದು ಇಲ್ಲಿ ನೆಲೆಸಿರುವ ಗೃಹಿಣಿ. "ಸಿಗಡಿಗೆ ಏನೋ ವೈರಸ್ ರೋಗ ಬರುತ್ತದಂತೆ. ಭಾನುವಾರ ಕಾಸಿಮೇಡಿನಿಂದ ತಂದ ಚಟ್ಲಿಯನ್ನು ಮಕ್ಕಳಿಗೆ ಬಡಿಸಬಹುದೇ?" ಎಂದು ಅವರು ಕೇಳಿದ್ದಾರೆ. ಅಮ್ಮಾ, ಧಾರಾಳವಾಗಿ ಬಡಿಸಿ. ಸಿಗಡಿಗೆ ಬರುವ ಬಿಳಿಚುಕ್ಕೆ ರೋಗದ ವೈರಸ್ ಮನುಷ್ಯರಿಗೆ ತಗಲುವುದಿಲ್ಲ. ತಾಜಾ ಮಾಲು ನೋಡಿ ತನ್ನಿ, ಚೆನ್ನಾಗಿ ತೊಳೆದು ಬೇಯಿಸಿ, ಅಷ್ಟು ಸಾಕು.

ಉತ್ತರ ಇಷ್ಟು ಸುಲಭವಾದರೂ ಆ ಪತ್ರ ನನ್ನನ್ನು ಬಿಡಲಿಲ್ಲ. ಉಣ್ಣುವವರಿಗೆ ತೊಂದರೆ ಇಲ್ಲದ ಈ ರೋಗ, ಬೆಳೆಯುವವರ ಮನೆಯ ಒಲೆಯನ್ನೇ ಆರಿಸಿದ್ದನ್ನು ನಾನು ಚಿಕ್ಕಂದಿನಲ್ಲಿ ಕಂಡಿದ್ದೇನೆ. ಇಂದು ಆ ಮಾತು.

ನನ್ನ ಸೋದರಮಾವನ ಊರು ಉತ್ತರ ಕನ್ನಡದ ಕುಮಟಾ ತಾಲ್ಲೂಕಿನಲ್ಲಿ, ಅಘನಾಶಿನಿ ಅಳಿವೆಯ ದಂಡೆಯಲ್ಲಿದೆ. ಅಲ್ಲಿನ ಉಪ್ಪುನೀರಿನ ತಗ್ಗು ಗದ್ದೆಗಳಿಗೆ ಗಜನಿ ಎಂದು ಹೆಸರು. ಮಳೆಗಾಲದಲ್ಲಿ ಸಿಹಿನೀರು ಉಪ್ಪನ್ನು ತೊಳೆದ ಮೇಲೆ ಉಪ್ಪು ತಡೆದುಕೊಳ್ಳುವ ಕಗ್ಗ ಭತ್ತ ಬೆಳೆಯುತ್ತಿದ್ದರು. ಕೊಯಿಲಾದ ಮೇಲೆ ತೂಬು ತೆರೆದರೆ ಉಬ್ಬರದ ನೀರಿನೊಂದಿಗೆ ಸಿಗಡಿ ಮರಿ, ಮೀನಿನ ಮರಿ ತಾವಾಗಿಯೇ ಒಳಗೆ ಬರುತ್ತಿದ್ದವು. ಅವು ಗದ್ದೆಯ ಕೊಳೆತ ಹುಲ್ಲಿನ ನಡುವೆ ಬೆಳೆದು, ಇಳಿತದಲ್ಲಿ ಹೊರಗೆ ಹೊರಟಾಗ ತೂಬಿನ ಬಾಯಿಗೆ ಕಟ್ಟಿದ ಬಲೆಗೆ ಬೀಳುತ್ತಿದ್ದವು. ಸಿಕ್ಕುವುದು ಕಡಿಮೆ, ಖರ್ಚೂ ಕಡಿಮೆ.

1990ರ ದಶಕದಲ್ಲಿ ಸಿಗಡಿಯ ರಫ್ತು ಬೆಲೆ ಏರಿತು. ಆಂಧ್ರದಲ್ಲಿ, ತಮಿಳುನಾಡಿನಲ್ಲಿ ಸಾವಿರಾರು ಹೊಂಡಗಳು ತೋಡಲ್ಪಟ್ಟವು. ಆ ಗಾಳಿ ನಮ್ಮ ಕರಾವಳಿಗೂ ಬೀಸಿತು. ಮಾವನೂ ಹೊಂಡ ಮಾಡಿಸಿದರು. ಹುಲಿ ಸಿಗಡಿಯ ಮರಿ ಮತ್ತು ಮೇವನ್ನು ವ್ಯಾಪಾರಿಯೊಬ್ಬರು ಸಾಲಕ್ಕೆ ಕೊಟ್ಟರು. ಮಾಲನ್ನು ಅವರಿಗೇ, ಅವರು ಹೇಳಿದ ದರಕ್ಕೇ ಕೊಡಬೇಕೆಂಬುದು ಕರಾರು.

ಅದು 1996ರ ಬೇಸಿಗೆ. ರಜೆಗೆಂದು ನಾನು ಅಲ್ಲಿದ್ದೆ, ಎಂಟು ವರ್ಷದ ಹುಡುಗಿ. ಬೆಳಿಗ್ಗೆ ಎದ್ದು ನೋಡಿದರೆ ಒಡ್ಡಿನ ಮೇಲೆ ಎಂದೂ ಇಲ್ಲದಷ್ಟು ಕೊಕ್ಕರೆ. ಸಿಗಡಿಗಳು ಆಳ ಬಿಟ್ಟು ದಡದ ಅಂಚಿಗೆ ಬಂದು ಮಂಕಾಗಿ ತೇಲುತ್ತಿದ್ದವು. ಮಾವ ಒಂದನ್ನು ಹಿಡಿದು ತಲೆಯ ಚಿಪ್ಪನ್ನು ಬಿಡಿಸಿ ಬೆಳಕಿಗೆ ಹಿಡಿದರು. ಸುಣ್ಣ ಸಿಡಿದಂತೆ ಬಿಳಿ ಚುಕ್ಕೆಗಳು. ವಾರದೊಳಗೆ ಹೊಂಡ ಖಾಲಿ. ಅತ್ತೆಯ ಎರಡು ಬಳೆ ಅದೇ ತಿಂಗಳು ಮನೆ ಬಿಟ್ಟವು.

ಈ ರೋಗ ಭಾರತದ ಪೂರ್ವ ಕರಾವಳಿಯಲ್ಲಿ ಹರಡಿದ್ದು 1994-95ರಲ್ಲಿ. ಲಕ್ಷಣ ಕಂಡ 3ರಿಂದ 10 ದಿನಗಳಲ್ಲಿ ಇಡೀ ಹೊಂಡ ಸಾಯಬಹುದು. ಸತ್ತದ್ದನ್ನು ಬದುಕಿರುವ ಸಿಗಡಿ ತಿನ್ನುತ್ತದೆ, ಅದಕ್ಕೂ ರೋಗ. ಏಡಿಗಳು ತಾವು ಸಾಯದೆಯೇ ವೈರಸ್ಸನ್ನು ಹೊತ್ತು ತಿರುಗುತ್ತವೆ. ಇದಕ್ಕೆ ಔಷಧವಿಲ್ಲ. ಹಿಂದಿನ ರೋಗವನ್ನು ನೆನಪಿಟ್ಟುಕೊಂಡು ಹೋರಾಡುವ ನಮ್ಮಂಥ ಪ್ರತಿರೋಧ ಶಕ್ತಿ ಸಿಗಡಿಗೆ ಇಲ್ಲದ್ದರಿಂದ ಸಾಮಾನ್ಯ ಲಸಿಕೆಯೂ ನಾಟುವುದಿಲ್ಲ. ಕಂಗೆಟ್ಟ ರೈತರು ಆ್ಯಂಟಿಬಯಾಟಿಕ್ ಸುರಿದದ್ದುಂಟು. ವೈರಸ್ಸಿಗೆ ಅದು ನಾಟಲಿಲ್ಲ. ಬದಲಿಗೆ ಔಷಧದ ಶೇಷ ಉಳಿದ ಮಾಲನ್ನು ಪರದೇಶದವರು ತಿರಸ್ಕರಿಸಿದರು.

ದೊಡ್ಡ ಕಂಪೆನಿಗೆ ಹತ್ತಾರು ಹೊಂಡಗಳಿರುತ್ತವೆ, ಪ್ರಯೋಗಾಲಯವಿರುತ್ತದೆ, ಒಂದು ಹೊಂಡ ಹೋದರೆ ಇನ್ನೊಂದು ಉಳಿಯಬಹುದು. ಒಂದೇ ಹೊಂಡದವನಿಗೆ ಅದೇ ಬೆಳೆ, ಅದೇ ಬಂಡವಾಳ, ಅದೇ ಮಗಳ ಮದುವೆ. ರೋಗದ ಗುಮಾನಿ ಬಂದ ಕೂಡಲೇ ಬಲೆ ಹಾಕಿ ಎಳೆಯ ಸಿಗಡಿಯನ್ನೇ ಹಿಡಿದು ಮಾರಬೇಕು. ಕಿಲೋಗೆ ಮೂವತ್ತು ತೂಗುವ ಮಾಲಿನ ಬೆಲೆ ಕಿಲೋಗೆ ನೂರು ತೂಗುವುದಕ್ಕೆ ಎಲ್ಲಿ ಬರಬೇಕು?

ಮೀನುಗಾರರ ಕಥೆ ಇನ್ನೊಂದು ಬಗೆಯದು. ಹಿಂದೆ ಮರಿ ಮಾಡುವ ಹ್ಯಾಚರಿಗಳಿಗೆ ಮೊಟ್ಟೆ ತುಂಬಿದ ತಾಯಿ ಹುಲಿ ಸಿಗಡಿ ಸಮುದ್ರದಿಂದಲೇ ಬರಬೇಕಿತ್ತು. ಬಲೆಗೆ ಅಂಥದೊಂದು ಜೀವಂತ ಸಿಕ್ಕರೆ ಆ ದಿನ ಹಬ್ಬ. ಆದರೆ ಸಮುದ್ರದ ಸಿಗಡಿಯಲ್ಲೂ ವೈರಸ್ ಕಂಡುಬಂತು. 2009ರಲ್ಲಿ ಅಮೆರಿಕ ಖಂಡಗಳ ಪೆಸಿಫಿಕ್ ಕರಾವಳಿ ಮೂಲದ ವನಾಮಿ ಸಿಗಡಿಗೆ ನಮ್ಮಲ್ಲಿ ಅನುಮತಿ ಸಿಕ್ಕಿತು. ವಿದೇಶದ ತಾಯಿ ಸಿಗಡಿಗಳು ವಿಮಾನದಲ್ಲಿ ಬರತೊಡಗಿದವು. ನೀವು ಮಹಾಬಲಿಪುರಕ್ಕೆ ಹೋಗುವಾಗ ದಾಟುವ ನೀಲಾಂಗರೈ ಇದೆಯಲ್ಲ, ಅಲ್ಲಿನ ಕ್ವಾರಂಟೈನ್ ಕೇಂದ್ರದಲ್ಲಿ ಅವನ್ನು ಇರಿಸಿ, ಪರೀಕ್ಷಿಸಿ, ಬಳಿಕವೇ ಹ್ಯಾಚರಿಗೆ ಕಳುಹಿಸುತ್ತಾರೆ. ಈ ಎಚ್ಚರಿಕೆ ಬೇಕಾದದ್ದೇ. ಆದರೆ ಹುಲಿ ಸಿಗಡಿ ಹಿಡಿದು ಕೊಡುತ್ತಿದ್ದ ದೋಣಿಯವರ ಗಿರಾಕಿ ಕಡಿಮೆಯಾದರು.

ವನಾಮಿ ಬಂದ ಮೇಲೆ ರೋಗ ಹೋಯಿತೇ? ಇಲ್ಲಿ ಅನೇಕರು ತಪ್ಪು ತಿಳಿಯುತ್ತಾರೆ. ಆ ಮರಿ "ರೋಗಮುಕ್ತ" ಎಂದರೆ ಪಟ್ಟಿ ಮಾಡಿದ ಕೆಲವು ರೋಗಾಣುಗಳು ಅದರಲ್ಲಿ ಇಲ್ಲ ಎಂದಷ್ಟೇ ಅರ್ಥ. ಅದಕ್ಕೆ ರೋಗವೇ ಬರುವುದಿಲ್ಲ ಎಂದಲ್ಲ. ಹೊಂಡದ ನೀರು ಕೆಟ್ಟರೆ ಅದೂ ಸಾಯುತ್ತದೆ. 2010ರ ದಶಕದ ಮಧ್ಯದಿಂದ ಇಎಚ್‌ಪಿ ಎಂಬ ಸೂಕ್ಷ್ಮಜೀವಿಯ ಕಾಟ ಬೇರೆ. ಇದು ಸಿಗಡಿಯ ಯಕೃತ್ತಿನಂಥ ಅಂಗದಲ್ಲಿ ಕೂತು ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ. ಸಿಗಡಿ ಸಾಯುವುದಿಲ್ಲ, ಮೇವು ತಿನ್ನುತ್ತಲೇ ಇರುತ್ತದೆ, ಬೆಳೆಯುವುದಿಲ್ಲ. ಖರ್ಚಿನ ಅರ್ಧಕ್ಕಿಂತ ಹೆಚ್ಚು ಮೇವಿನದೇ ಆಗಿರುವಾಗ, ಈ ರೋಗ ರೈತನನ್ನು ಸದ್ದಿಲ್ಲದೆ ಮುಳುಗಿಸುತ್ತದೆ.

ಹಾಗಾದರೆ ದಾರಿ ಏನು? ಆಂಧ್ರದ ಪಶ್ಚಿಮ ಗೋದಾವರಿ ಜಿಲ್ಲೆಯ ಮೊಗಲ್ತೂರಿನಲ್ಲಿ 2002ರಲ್ಲಿ ಸಮುದ್ರೋತ್ಪನ್ನ ರಫ್ತು ಅಭಿವೃದ್ಧಿ ಪ್ರಾಧಿಕಾರದ ಯೋಜನೆಯೊಂದು ಐದು ಮಂದಿ ರೈತರೊಂದಿಗೆ ಕೆಲಸ ಆರಂಭಿಸಿತು. ಅಲ್ಲಿ ಹೊಸ ಔಷಧವೇನೂ ಇರಲಿಲ್ಲ. ಹೊಂಡ ಬತ್ತಿಸಿ ತಳದ ಕಪ್ಪು ಕೆಸರು ತೆಗೆದು ಸುಣ್ಣ ಹಾಕುವುದು, ನೀರನ್ನು ಸಣ್ಣ ಕಣ್ಣಿನ ಬಲೆಯಲ್ಲಿ ಸೋಸಿ ಬಿಡುವುದು, ಮರಿಯನ್ನು ಪಿಸಿಆರ್ ಪರೀಕ್ಷೆ ಮಾಡಿಸಿಯೇ ಕೊಳ್ಳುವುದು. ಎಲ್ಲಕ್ಕಿಂತ ಮುಖ್ಯವಾಗಿ, ಒಂದೇ ಕಾಲುವೆಯ ನೀರು ಬಳಸುವವರೆಲ್ಲ ಒಟ್ಟಾಗಿ ಮರಿ ಬಿಡುವುದು ಮತ್ತು ರೋಗ ಕಂಡರೆ ಬಚ್ಚಿಡದೆ ನೆರೆಯವರಿಗೆ ಹೇಳುವುದು. ಇಂಥ ರೈತಸಂಘಗಳ ಅನುಭವದಿಂದಲೇ 2007ರಲ್ಲಿ ನಾಕ್ಸಾ ಎಂಬ ಸಂಸ್ಥೆ ರೂಪುಗೊಂಡಿತು.

"ನೆರೆಯವರಿಗೆ ಹೇಳುವುದು." ಕೇಳಲು ಎಷ್ಟು ಸಣ್ಣ ಮಾತು! ಇದರ ಭಾರ ನನಗೆ ತಿಳಿದದ್ದು ಕೆಲವು ವರ್ಷಗಳ ಹಿಂದೆ, ಮಾವ ಹಾಸಿಗೆ ಹಿಡಿದಾಗ.

"ಆ ರಾತ್ರಿ ಇಳಿತ ನೋಡಿ ನಾನೇ ತೂಬು ತೆಗ್ದೆ ಮಗಾ" ಎಂದರು ಮಾವ. "ರೋಗದ ನೀರೆಲ್ಲ ಕಾಲುವೆಗೆ ಹೋಯ್ತು. ಪಕ್ಕದ ಹೊಂಡದವನ ತೂಬು ಅದೇ ಕಾಲುವೆಗೆ ಇತ್ತು. ಹೇಳಿದ್ರೆ ಅವ ನಾಲ್ಕು ದಿನ ನೀರು ತಗೊಳ್ತಿರಲಿಲ್ಲ. ಊರಿಗೆ ಗೊತ್ತಾದ್ರೆ ನನಗೆ ಸಾಲ ಹುಟ್ಟೂದಿಲ್ಲ ಅಂತ ಸುಮ್ಮನಿದ್ದೆ."

ಎಂಟನೆಯ ದಿನ ಪಕ್ಕದ ಒಡ್ಡಿನ ಮೇಲೂ ಕೊಕ್ಕರೆ ಬಂದವು. ಆ ಮನೆಯವರು ಮೀನುಗಾರರು. ದೋಣಿಯ ಪಾಲು ಮಾರಿ ಮೊದಲ ಸಲ ಹೊಂಡಕ್ಕೆ ಹಣ ಹಾಕಿದ್ದರು. ಮರುವರ್ಷ ಆತ ಮಲ್ಪೆಗೆ ಹೋಗಿ ಬೇರೆಯವರ ಬೋಟಿನಲ್ಲಿ ಕೂಲಿಯಾದ.

ಆ ರೋಗ ಮಾವನ ನೀರಿನಿಂದಲೇ ಹೋಯಿತೋ, ಏಡಿಯ ಮೂಲಕ ಹೋಯಿತೋ, ಈಗ ಯಾರೂ ಹೇಳಲಾರರು. "ಏಡಿಯಿಂದಲೂ ಬರ್ತದೆ ಮಾವ" ಎಂದು ನಾನು ಹೇಳಿದೆ. ಅವರು ಗೋಡೆಯ ಕಡೆ ತಿರುಗಿ ಮಲಗಿದರು.

ಇಂದು ತಿಳಿದವರು ಹೇಳುವುದು ಹೀಗೆ: ರೋಗ ಬಂದ ಹೊಂಡದ ತೂಬು ಮುಚ್ಚಿಯೇ ಇರಲಿ, ನೀರಿಗೆ ಬ್ಲೀಚಿಂಗ್ ಪುಡಿ ಹಾಕಿ ಕೆಲವು ದಿನ ನಿಲ್ಲಿಸಿ, ಆಮೇಲೆ ಹೊರಗೆ ಬಿಡಿ. ಆದರೆ ಸತ್ಯ ಹೇಳಿದವನಿಗೆ ಸಾಲ ಸಿಗುವುದಿಲ್ಲ ಎಂಬ ಭಯ ಇರುವ ತನಕ ರಾತ್ರಿಯಲ್ಲಿ ತೂಬು ತೆರೆಯುವವರು ಇದ್ದೇ ಇರುತ್ತಾರೆ. 1990ರ ದಶಕದ ನಷ್ಟದ ಬಳಿಕ ವಿಮಾ ಕಂಪೆನಿಗಳು ಸಿಗಡಿ ಬೆಳೆಯಿಂದ ಬಹುಮಟ್ಟಿಗೆ ಹಿಂದೆ ಸರಿದಿದ್ದವು. ಸಣ್ಣ ರೈತನಿಗೆ ಕೈಗೆಟಕುವ ವಿಮೆ ಮತ್ತು ಹತ್ತಿರದಲ್ಲೊಂದು ಪರೀಕ್ಷಾಲಯ, ಇವೆರಡೂ ದೊರೆತರೆ ಆತ ಬಾಯಿ ಬಿಟ್ಟು ಹೇಳಿಯಾನು.

ನಮ್ಮ ಕೇಳುಗರಲ್ಲಿ ಊರಿನ ಗಜನಿಯಲ್ಲಿ ಪಾಲು ಇರುವವರೂ ಇದ್ದೀರಿ. ಗುತ್ತಿಗೆಗೆ ಕೊಡುವಾಗ ಹಣ ಎಷ್ಟು ಎಂದು ಕೇಳುತ್ತೀರಿ. ಅದರ ಜೊತೆಗೆ ಇನ್ನೆರಡು ಮಾತು ಕೇಳಿ: ಮಳೆಗಾಲದಲ್ಲಿ ಕಗ್ಗಕ್ಕೆ ಬಿಡುತ್ತಾರೆಯೇ? ರೋಗ ಬಂದರೆ ಆ ನೀರನ್ನು ಏನು ಮಾಡುತ್ತಾರೆ? ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸಾರ್ ತಾಣವೆಂದು ಮಾನ್ಯತೆ ಪಡೆಯಿತು. ನಮ್ಮೂರಿಗೆ ಅದು ಹೆಮ್ಮೆ. ಅದೇ ನೀರಿನಲ್ಲಿ ಇಂದಿಗೂ ಬೆಳಗಿನ ಜಾವ ಸೊಂಟದವರೆಗೆ ಇಳಿದು ಬಲೆ ಬೀಸುವವರಿದ್ದಾರೆ.